ತಂಬಿಗೆ ಹಿಡಿದು ಸ್ಪೆಲ್ಲಿಂಗ್ ಹೇಳಿದ್ದು

ಮೊನ್ನೆ ಬಾಜೂ ಮನೆಯ ಟೀವಿಯಲ್ಲಿ ಒಂದು ಆಟ ನೋಡಿದೆ. ದೊಡ್ಡ ದೊಡ್ಡ ಮನುಷ್ಯರನ್ನು ನಿಲ್ಲಿಸಿ ಇಂಗ್ಲಿಷ್ ಶಬ್ದಗಳ ಸ್ಪೆಲ್ಲಿಂಗ್ ಕೇಳುತ್ತಾರೆ, ಅವರು ತಪ್ಪುತ್ತಾರೆ, ಜನ ನಗುತ್ತಾರೆ. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಅಂಗೈ ಮಾತ್ರ ಬೆವರಿತು. ಟೀವಿಯ ಹೆಸರನ್ನೂ ಕೇಳದಿದ್ದ ಕಾಲದಲ್ಲಿ, ಹುಕ್ಕೇರಿಯಲ್ಲಿ, ಈ ಆಟವನ್ನು ನಾನು ಆಡಿದ್ದೇನೆ.

ಆಗಿನ್ನೂ ನನ್ನ ಮದುವೆಯಾಗಿರಲಿಲ್ಲ. ಕೊಣ್ಣೂರಿನ ಒಕ್ಕಲುತನದ ಮನೆಯಿಂದ ಬಂದು ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ನೌಕರಿ ಕಾಯಂ ಆಗಿರಲಿಲ್ಲ. ಬಸ್ಸು ಬರುವ ಮೊದಲೇ ಅದು ತಪ್ಪಿಹೋಯಿತೆಂದು ಗಾಬರಿಯಾಗುವ ಆಸಾಮಿಗೆ ಇಂಥ ನೌಕರಿ ಕೊಡಬಾರದು. ಹೆಡ್ ಮಾಸ್ತರರು ಕೆಮ್ಮಿದರೂ ನನ್ನನ್ನು ತೆಗೆದುಹಾಕಲೆಂದೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು.

ಆ ವರ್ಷ ಮೂಡಲಗಿಯಲ್ಲಿ ಬೀಡು ಬಿಟ್ಟಿದ್ದ ನಾಟಕ ಕಂಪನಿಯೊಂದು ಡೇರೆ ಕಿತ್ತು ಹುಕ್ಕೇರಿಗೆ ಬಂತು. ರವಿವಾರ ಮಧ್ಯಾಹ್ನವೂ ಒಂದು ಆಟ. ಎರಡು ಅಂಕಗಳ ನಡುವೆ ಕಂಪನಿಯ ಹಾಸ್ಯದ ನಟಿ ಶಾಲೆಯಲ್ಲಿ ಕಲಿಸುವ ಅಕ್ಕಾರ ವೇಷದಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಗಂಟೆ ಬಾರಿಸುತ್ತ ಬರುತ್ತಿದ್ದಳು. ಪ್ರೇಕ್ಷಕರಲ್ಲಿ ಯಾರಾದರೂ ಓದಿದವರನ್ನು ರಂಗದ ಮೇಲೆ ಕರೆದು ಒಂದು ಇಂಗ್ಲಿಷ್ ಶಬ್ದ ಕೇಳುವಳು. ಮ್ಯಾನೇಜರ್ ಹಾರ್ಮೋನಿಯಂ ಪೇಟಿಯವನ ಪಕ್ಕದಲ್ಲಿ ಡಿಕ್ಷನರಿ ತೆರೆದುಕೊಂಡು ಕೂತಿರುತ್ತಿದ್ದ. ಸರಿಯಾದರೆ ಗೋಕಾಕದ ಕರದಂಟಿನ ಡಬ್ಬಿ. ತಪ್ಪಿದರೆ ರಟ್ಟಿನ ಕತ್ತೆ ಕಿವಿ. ನಾಟಕ ಮುಗಿಯುವವರೆಗೆ ತೆಗೆಯುವಂತಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಅವಳು ಒಂದು ಸಂಗತಿ ಕಂಡುಕೊಂಡಿದ್ದಳು: ಓದಿದವರಿಗೆ ಸ್ಪೆಲ್ಲಿಂಗ್ ಇರುವುದು ತಲೆಯಲ್ಲಲ್ಲ, ಬೆರಳಲ್ಲಿ. ಶಬ್ದ ಕೇಳಿದ ಕೂಡಲೇ ಗಾಳಿಯಲ್ಲೋ ಅಂಗೈ ಮೇಲೋ ಬರೆದು ನೋಡಿಕೊಳ್ಳುತ್ತಾರೆ. ಅದಕ್ಕಾಗಿ ಎರಡೂ ಕೈಗೆ ನೀರು ತುಂಬಿದ ತಂಬಿಗೆ ಕೊಟ್ಟು, ಕೈ ಮುಂದೆ ಚಾಚಿಸಿ ನಿಲ್ಲಿಸುತ್ತಿದ್ದಳು. ಊರಿನ ಪೋಸ್ಟ್ ಮಾಸ್ತರರು ಇದರಲ್ಲಿ ಬಿದ್ದರು. ದವಾಖಾನೆಯ ಕಂಪೌಂಡರ್ ಬಿದ್ದ. ಒಂದು ರವಿವಾರ ನಾನೂ ಹೋಗಿ ಹಿಂದಿನ ಸಾಲಿನ ಕಂಬದ ಮರೆಗೆ ಕೂತೆ. ಅಷ್ಟರಲ್ಲಿ ನೆಲದ ಮೇಲೆ ಕೂತಿದ್ದ ನನ್ನ ವಿದ್ಯಾರ್ಥಿಗಳು ಕೂಗಿದರು:

"ಅಕ್ಕಾರ, ಅಲ್ಲಿ ಅದಾರ ನೋಡ್ರಿ ನಮ್ಮ ಸರ್! ಕಂಬದ ಹಿಂದ!"

ಪ್ರೀತಿಯಿಂದಲೇ ಕೂಗಿದ್ದರು. ರಂಗ ಹತ್ತಿದೆ.

"ಏನ್ ಕಲಸ್ತೀರಿ ಮಾಸ್ತರ?"

"ಇಂಗ್ಲಿಷ್ ರೀ."

"ಯಾರಿಗಿ?"

"ನಮಗ್ರೀ!" ಎಂದು ನೆಲದಿಂದ ಕೂಗು.

"ಅಯ್ಯ, ನನ್ನ ಮಕ್ಕಳ್ರ! ನಡುಗೂದು ನೋಡಿದ್ರ ನಿಮಗ ಇವರು ಕಲಸ್ತಾರೋ, ಇವರಿಗಿ ನೀವು ಕಲಸ್ತೀರೋ?"

ಬಂದ ಶಬ್ದ ಹ್ಯಾಂಡ್‌ಕರ್ಚೀಫ್. ಹೋದ ವಾರವಷ್ಟೇ ಹಲಗೆಯ ಮೇಲೆ ಬರೆದು ಕಲಿಸಿದ್ದೆ. ಕೈಯಲ್ಲಿ ಸೀಮೆಸುಣ್ಣದ ಖಡು ಇಲ್ಲದೆ ಆ ಶಬ್ದ ನನಗೆ ಪರಿಚಯವೇ ಇಲ್ಲದಂತೆ ನಿಂತಿತು. ಬಲಗೈ ತಾನಾಗಿ ಆಡಿತು. ಒಂದು ತಂಬಿಗೆ ನೀರು ನನ್ನ ಧೋತರದ ಮೇಲೆ, ಸ್ಪೆಲ್ಲಿಂಗ್ ತಪ್ಪು. ಗಂಟೆ. ಕಿವಿ.

ಮರುದಿನ ಹೆಡ್ ಮಾಸ್ತರರು ಕರೆಸಿದರು. ಈ ಸಲ ಕೆಮ್ಮಲೂ ಇಲ್ಲ.

"ಮೈಯಾಗ ಜ್ವರ ಇತ್ತು ಅನ್ರಿ."

"ಯಾರಿಗ್ರಿ ಸರ್?"

"ನಿಮಗ! ಜ್ವರದಾಗ ತಪ್ಪೀತು ಅಂತ ಇವತ್ತ ಕ್ಲಾಸಿನ್ಯಾಗ ಹೇಳಿಬಿಡ್ರಿ. ಮತ್ತ ಆ ಡೇರೆದ ದಿಕ್ಕಿಗಿ ಹೋಗಬ್ಯಾಡ್ರಿ. ಮುಂದಿನ ವಾರ ಸಾಲಿ ಕಮಿಟಿ ಕೂಡತೈತಿ, ನಿಮ್ಮನ್ನ ಕಾಯಂ ಮಾಡೂ ವಿಷಯ ಐತಿ. ಚೇರಮನ್ನರು ನಿನ್ನೆ ಕುರ್ಚಿ ಮ್ಯಾಲ ಕುಂತು ಎಲ್ಲಾ ನೋಡ್ಯಾರ."

"ಜ್ವರ ಇರಲಿಲ್ಲರಿ. ಅಂಜಿಕಿ ಇತ್ತು."

"ಮಾಸ್ತರ ಆದವ ಅಂಜಿಕಿ ಅನ್ನಬಾರ್ದರಿ."

ಹೇಳಿಬಿಡೋಣ ಎಂದುಕೊಂಡೇ ಕ್ಲಾಸಿಗೆ ಹೋದೆ. ಒಂದು ಸುಳ್ಳು, ಅದೂ ಸಾದಾ ಜ್ವರದ್ದು, ಟೈಫಾಯಿಡ್ ಏನಲ್ಲ. ಆದರೆ ನನ್ನ ಕ್ಲಾಸಿನ ಪದ್ಧತಿಯೊಂದಿತ್ತು. ಸ್ಪೆಲ್ಲಿಂಗ್ ತಪ್ಪಿದವರು, ಬೇರೆ ಯಾರಾದರೂ ಅದನ್ನು ಸರಿಯಾಗಿ ಹೇಳುವ ತನಕ ನಿಂತಿರಬೇಕು. ಅಂದು ಮೊದಲ ಬೆಂಚಿನ ಹುಡುಗಿ ನಿಂತಳು. ಹಿಂದಿನ ವಾರವೂ ಅವಳೇ ನಿಂತಿದ್ದಳು. ನಾಲ್ಕು ಜನರೆದುರು ತಪ್ಪಿ, ನಿಂತು, ನಗೆಗೀಡಾಗಿ, ಮರುದಿನ ಮತ್ತೆ ಪಾಟಿಚೀಲ ಹೆಗಲಿಗೇರಿಸಿಕೊಂಡು ಬರುತ್ತಾರೆ ಈ ಮಕ್ಕಳು. ಇವರಲ್ಲಿ ಯಾರಿಗೂ ಜ್ವರ ಬರುವುದಿಲ್ಲ. ಇಂಗ್ಲಿಷ್ ಮಾಸ್ತರನಿಗೆ ಮಾತ್ರ ಬರಬೇಕೋ?

ನನಗೆ ಸಿಟ್ಟು ಬರುವುದು ಅಪರೂಪ. ಅಂಜಿಕೆಯೇ ಜಾಗವನ್ನೆಲ್ಲ ಹಿಡಿದಿರುತ್ತದೆ. ಅಂದು ಬಂತು. "ನಿನ್ನೆ ನನಗ ಸ್ಪೆಲ್ಲಿಂಗ್ ಬರಲಿಲ್ಲ. ಈ ಐತವಾರ ಮತ್ತ ಡೇರೆಕ್ಕ ಹೊಕ್ಕೇನಿ" ಎಂದುಬಿಟ್ಟೆ. ಹೇಳಿದ ಮರುಗಳಿಗೆಯೇ ವಾಪಸ್ ತೆಗೆದುಕೊಳ್ಳಬೇಕೆನಿಸಿತು. ಆದರೆ ಮಾತು ಆಗಲೇ ಕಿಟಕಿ ದಾಟಿ ಊರಿಗೆ ಹೋಗಿಯಾಗಿತ್ತು.

ವಾರವಿಡೀ ನನ್ನ ಬಾಡಿಗೆ ಕೋಣೆಯ ಅಂಗಳದಲ್ಲಿ ಎರಡು ತಂಬಿಗೆ ಹಿಡಿದು ನಿಂತೆ. ಮನೆಯ ಮಾಲಕಿಯನ್ನು ಓಣಿಯೆಲ್ಲ ಕಾಕು ಎನ್ನುತ್ತಿತ್ತು. ಅವರು ಹೊಸ್ತಿಲಲ್ಲಿ ಕೂತು ನೋಡಿದರು.

"ಏನ್ ಮಾಸ್ತರ, ಯಾವ ದೇವರಿಗಿ ಹರಕಿ?"

"ಇಂಗ್ಲಿಷಿಗಿ, ಕಾಕು."

"ನೀರು ನಾ ಬಾವಿಯಿಂದ ಸೇದಿ ತಂದಿದ್ದೈತಿ. ಚೆಲ್ಲೂದs ಇದ್ರ ತುಳಸಿ ಕಟ್ಟಿ ಬಾಜೂಕ ನಿಂದ್ರರಿ, ಗಿಡಕ್ಕರ ಆಕ್ಕೈತಿ."

ತುಳಸಿ ಆ ವಾರ ಚೆನ್ನಾಗಿ ಚಿಗುರಿತು. ನನ್ನ ತಲೆ ಅಷ್ಟಕ್ಕಷ್ಟೇ. ಕಾಯಂ ಆಗದಿದ್ದರೆ ಕೊಣ್ಣೂರಿಗೆ ಹೋಗಿ ಅಪ್ಪನ ಮುಂದೆ ನಿಲ್ಲುವುದು ಹೇಗೆ, ಕಬ್ಬಿನ ಗದ್ದೆಗೆ ನೀರು ಹಾಯಿಸಲು ಈ ಕೈಗೆ ಬರುತ್ತದೆಯೇ, ಇಷ್ಟೆಲ್ಲ ನೀರು ಚೆಲ್ಲಿದವನಿಗೆ ಆ ಕೆಲಸವಾದರೂ ಸಿಕ್ಕೀತೇ ಎಂದೆಲ್ಲ ಯೋಚಿಸುತ್ತಿದ್ದೆ.

ರವಿವಾರ ಡೇರೆ ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ಚೇರಮನ್ನರು, ಪಕ್ಕದಲ್ಲಿ ಹೆಡ್ ಮಾಸ್ತರರು. ಗಂಟೆ ಬಾರಿಸಿದ ಕೂಡಲೇ, ಯಾರೂ ಕರೆಯುವ ಮೊದಲೇ ಎದ್ದು ನಡೆದೆ. ತಡಮಾಡಿದ್ದರೆ ಬಾಗಿಲ ಕಡೆಗೆ ನಡೆಯುತ್ತಿದ್ದೆ.

"ಅಯ್ಯ, ತಾವs ಬಂದ್ರಿ! ಧೋತರ ಆರೇತ್ರಿ?"

"ಆರೇತ್ರಿ ಅಕ್ಕಾರ. ಶಬ್ದ ಹೇಳ್ರಿ."

ಲೆಫ್ಟಿನೆಂಟ್. ಕೈ ಆಡಲಿಲ್ಲ; ತಂಬಿಗೆಯ ನೀರು ತುಳುಕಲಿಲ್ಲ. ಒಂದೊಂದೇ ಅಕ್ಷರ ಹೇಳತೊಡಗಿದೆ. ಅರ್ಧಕ್ಕೆ ಬಂದಾಗ ಜನ ನಗಲಾರಂಭಿಸಿದರು. ಅವಳು ಬಗ್ಗಿ ನನ್ನ ಪಾದ ನೋಡಿದಳು.

"ಎಲಾ ಇವರ! ಕಾಲ್ಬಟ್ಟಿಲೆ ಬರಿಯಾಕತ್ತಾರ!"

ನನಗೇ ಗೊತ್ತಿರಲಿಲ್ಲ. ಕಾಲಿನ ಹೆಬ್ಬೆರಳು ರಂಗದ ಹಲಗೆಯ ಮೇಲೆ ಬರೆಯುತ್ತಿತ್ತು. ಡೇರೆಗೆ ಡೇರೆಯೇ ಎದ್ದು ನಿಂತು ನಗುತ್ತಿತ್ತು. ಚೇರಮನ್ನರೂ ಎದ್ದು ನಿಂತಿದ್ದರು, ನಗಲಿಕ್ಕಲ್ಲ.

"ಸಾಕು ಮಾಸ್ತರ, ಇಳೀರಿ ಕೆಳಗ. ಸಾಲಿ ಮರ್ಯಾದಿ ಐತಿ."

ಜೀವನದಲ್ಲಿ ಎಂದೂ ಯಾರಿಗೂ ಎದುರು ಮಾತಾಡಿದವನಲ್ಲ. "ಶಬ್ದ ಮುಗದಿಲ್ಲರಿ" ಎಂದೆ. ಧ್ವನಿ ಕೀರಲಾಗಿ ಬಂತು, ಆದರೂ ಕೊನೆಯ ಸಾಲಿನವರೆಗೆ ಮುಟ್ಟಿತು. ನಟಿ ಗಂಟೆಯನ್ನು ಬಾರಿಸದೆ ಕೈಯಿಂದ ಮುಚ್ಚಿ ಹಿಡಿದಳು. ನಾನು ಉಳಿದ ಅಕ್ಷರಗಳನ್ನು, ಬೇಕಾದಷ್ಟು ಹೊತ್ತು ತೆಗೆದುಕೊಂಡು, ಹೆಬ್ಬೆರಳಿನಿಂದ ಬರೆಯುತ್ತಲೇ ಹೇಳಿ ಮುಗಿಸಿದೆ. ಮ್ಯಾನೇಜರ್ ಡಿಕ್ಷನರಿ ನೋಡಿ ತಲೆಯಾಡಿಸಿದ. ಒಂದು ಅಕ್ಷರ ತಪ್ಪು.

ಕಿವಿ ಹಾಕಿಸಿಕೊಳ್ಳಲು ನಾನೇ ತಲೆ ಬಗ್ಗಿಸಿದೆ. ಕೆಳಗಿಳಿದು ಕಂಬದ ಮರೆಗೆ ಹೋಗದೆ, ಹುಡುಗರ ನಡುವೆ ನೆಲದ ಮೇಲೆ ಕೂತು ನಾಟಕ ಪೂರ್ತಿ ನೋಡಿದೆ.

ಆ ವಾರ ಕಮಿಟಿ ಕೂಡಿತು. ನನ್ನನ್ನು ಒಳಗೆ ಕರೆದರು. ಕೂಡಲು ಹೇಳಲಿಲ್ಲ.

"ತಪ್ಪಾತು ಅನ್ರಿ ಮಾಸ್ತರ," ಎಂದರು ಚೇರಮನ್ನರು, "ಇವತ್ತs ಕಾಯಂ ಮಾಡ್ತೇವಿ."

"ಒಂದು ಅಕ್ಷರ ತಪ್ಪೇತ್ರಿ. ಹೋಗಿದ್ದು ತಪ್ಪಲ್ಲರಿ."

ಹೆಡ್ ಮಾಸ್ತರರು ಕೆಮ್ಮಿದರು. ಈ ಸಲ ಅದಕ್ಕೆ ನಾನು ಎಣಿಸಿದ ಅರ್ಥವೇ ಇತ್ತು. ಕಾಯಂ ಮಾಡುವ ಮಾತು ಮುಂದಿನ ವರ್ಷಕ್ಕೆ ಹೋಯಿತು. ಆ ವರ್ಷವೆಲ್ಲ ನಾನು ನಿದ್ದೆಗೆಟ್ಟೆ, ತೂಕ ಕಳೆದುಕೊಂಡೆ, ಸಂಕೇಶ್ವರದ ವೈದ್ಯರಿಂದ ಕಷಾಯ ತಂದು ಕುಡಿದೆ. ತಪ್ಪಾಯಿತು ಎಂದು ಮಾತ್ರ ಹೋಗಿ ಹೇಳಲಿಲ್ಲ.

ಕಮಿಟಿ ಮುಗಿದ ಮೇಲೆ, ಕಂಪನಿ ಊರು ಬಿಡುವ ಮೊದಲು ಇನ್ನೊಂದು ರವಿವಾರ ಉಳಿದಿತ್ತು. ಬೆಳಿಗ್ಗೆ ತುಳಸಿಯ ಪಕ್ಕ ಎರಡು ತಂಬಿಗೆ ಹಿಡಿದು ನಿಂತೆ. ಟಿಕೆಟ್ ತೆಗೆಸಿದೆ, ಮುಂದಿನ ಸಾಲಿನದು.