ಅಕ್ಕನ ಮಾತ್ರೆ, ಅಟ್ಟದ ಕಾಯಿ

ಕೊಬ್ಬರಿ ಒಡೆಯೋ ಮನೆಯಲ್ಲಿ ಕೆಮ್ಮದೆ ಇರೋರು ಯಾರು? ಹಾಗಂದುಕೊಂಡೇ ನಾವು ಕೆಟ್ಟಿದ್ದು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವಳಿಗೆ ಕಾಯಿಲೆ ಬಂದಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನೊಣವಿನಕೆರೆ ಹತ್ತಿರದ ನಮ್ಮ ಮನೆಯಲ್ಲಿ, ಅಟ್ಟದಿಂದ ಇಳಿಸಿ ಸುಲಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುವುದು ಅವಳ ಕೆಲಸ. ಕೆಮ್ಮು ಶುರುವಾದಾಗ ಧೂಳು ಅಂದೆವು, ಬೆಲ್ಲ ತಿನ್ನಿಸಿದೆವು. ಸಂಜೆ ಮೈ ಬಿಸಿಯಾದರೆ ದಣಿವು ಅಂದೆವು. ರವಿಕೆ ಸಡಿಲವಾಗಿ ಭುಜದಿಂದ ಜಾರಿದರೂ ನಮಗೆ ಬುದ್ಧಿ ಬರಲಿಲ್ಲ.

ಕೊನೆಗೆ ತಿಪಟೂರಿನ ಡಾಕ್ಟರು ಎಕ್ಸ್‌ರೇ ತೆಗೆಸಿ ಕ್ಷಯ ಅಂದರು. ಮೊದಲು ದಿನಾ ಇಂಜೆಕ್ಷನ್, ಜೊತೆಗೆ ಮಾತ್ರೆ. ಮಾತ್ರೆ ಒಂದೂವರೆ ವರ್ಷ, ಒಂದು ದಿನವೂ ತಪ್ಪುವಂತಿಲ್ಲ ಅಂದರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ತರುವವಳು ನಾನು. ಯಾರಾದರೂ ಮನೆಗೆ ಬಂದರೆ ಮಾತ್ರೆ ಡಬ್ಬಿ ಅಡಗಿಸುತ್ತಿದ್ದವಳೂ ನಾನೇ.

ಮಾತ್ರೆ ನುಂಗಿದರೆ ಅವಳಿಗೆ ವಾಂತಿ. ಬಚ್ಚಲಲ್ಲಿ ಗೋಡೆ ಹಿಡಿದು ಕೂತುಬಿಡುತ್ತಿದ್ದಳು. ನಾಲ್ಕು ತಿಂಗಳಿಗೆ ಕೆಮ್ಮು ನಿಂತಿತು, ಕೆನ್ನೆ ತುಂಬಿತು. ವಾಂತಿ ಮಾತ್ರ ನಿಲ್ಲಲಿಲ್ಲ. ಆ ಸಂಕಟ ನೋಡಲಾರದೆ ನಾನೇ ಅಂದೆ, "ವಾಸಿಯಾಯ್ತಲ್ಲ, ಸಾಕು ಬುಡಕ್ಕ." ನನ್ನ ಬಾಯಿಗೆ ಮಣ್ಣು ಹಾಕ.

ಮರುವರ್ಷ ಕೆಮ್ಮಿದಾಗ ರಕ್ತ ಬಿತ್ತು. ಡಾಕ್ಟರು ಹಳೇ ಚೀಟಿ, ಹೊಸ ಎಕ್ಸ್‌ರೇ ನೋಡಿ ನನ್ನ ಕಡೆ ತಿರುಗಿದರು. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಎಷ್ಟು ತಿಂಗಳು ಬೇಕು ಅಂತ ಕೇಳಿದರು. ಹತ್ತು, ಹನ್ನೊಂದು ಅಂದೆ.

"ನಾಲ್ಕೇ ತಿಂಗಳಿಗೆ ಇಳಿಸಿ ಒಡೀತೀರಾ?"

ಒಡೆಯಲ್ಲ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಟಲೊಟ ಅನ್ನುವ ತನಕ ನಮ್ಮಲ್ಲಿ ಯಾರೂ ಕಾಯಿ ಮುಟ್ಟಲ್ಲ. ಮೊದಲೇ ಒಡೆದರೆ ಹಸಿ ಇದ್ದು ಬೂಷ್ಟು ಹಿಡಿಯುತ್ತೆ. ಅಷ್ಟು ಗೊತ್ತಿದ್ದವಳು ನಾನು. ಅದೇ ಮಾತ್ರೆ ಮತ್ತೆ ಕೊಟ್ಟರು, ಅರ್ಧಕ್ಕೆ ಬಿಟ್ಟು ಬಲಿತ ರೋಗಕ್ಕೆ ಅವು ನಾಟಲಿಲ್ಲ. ಬೇರೆ ಔಷಧಿ ಬೆಂಗಳೂರಿನಿಂದ ಬರಬೇಕಿತ್ತು, ಬರುವಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಳು.

ಒಂದು ದಿನ ನನ್ನ ಕೈ ಹಿಡಿದು, "ನೀನು ಹೇಳ್ದೆ ಅಂತ ಮಾತ್ರೆ ಬುಟ್ಟಿದ್ದಲ್ಲ ಕಣೇ, ನಂಗೇ ಸಾಕಾಗಿತ್ತು" ಅಂದಳು. ಸುಳ್ಳು. ನಾನು ಹೇಳುವ ಹಿಂದಿನ ದಿನವೂ ಅವಳು ಮೂಗು ಹಿಡಿದುಕೊಂಡು ನುಂಗಿದ್ದಳು.

ಅವಳಿಗೆ ರಕ್ತ ಬಿದ್ದ ವಾರ ಅಟ್ಟಕ್ಕೆ ಹಾಕಿದ್ದ ಕಾಯಿ ಇಳಿಸುವ ಹೊತ್ತಿಗೆ ಅಕ್ಕ ಇರಲಿಲ್ಲ. ಅವಳ ಜಾಗದಲ್ಲಿ ನಾನು ಕೂತು ಒಡೆದೆ. ಒಂದೂ ಕೆಟ್ಟಿರಲಿಲ್ಲ.