ಕಾಲಿನವರು

ನಮ್ಮ ಭಾವ ನಿಘಂಟು ಕಚೇರಿಯಲ್ಲಿ ‘ಕಾಲಿನವರು’. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ವಾಡಿಕೆಯಿಲ್ಲ. ಯಾರ ಮೇಜಿಗೆ ಯಾವ ಪದ ಬಂದಿದೆಯೋ ಅವರು ಆ ಪದದವರು. ಪಕ್ಕದಲ್ಲಿ ಕಾವಲಿನವರು, ಕಿಟಕಿಯ ಹತ್ತಿರ ಕಿವಿಯವರು. ಪದಗಳು ಅಕಾರಾದಿಯಲ್ಲೇ ಮುಗಿಯಬೇಕು. ಒಬ್ಬರ ಪದ ಅಚ್ಚಿಗೆ ಹೋಗದೆ ಅವರ ನಂತರದ ಪದದವರು ಪೆನ್ನು ಮುಟ್ಟಕೂಡದು. ಯಾರೇ ಸಂದೇಹ ಎತ್ತಿದರೂ ಬಗೆಹರಿಸಿಯೇ ಮುಂದೆ ಹೋಗಬೇಕು. ಪದ ಮುಗಿಯುವ ಮೊದಲೇ ನಿವೃತ್ತಿಯಾದರೆ ಮಾಡಿದ್ದೆಲ್ಲ ರದ್ದಿಗೆ, ಹೊಸಬರು ಮೊದಲಿನಿಂದ ಶುರು.

ಭಾವನ ನಿವೃತ್ತಿ ಆ ವರ್ಷದ ಕೊನೆಗೆ. ತಮ್ಮ ಪದವನ್ನು ಅಚ್ಚಿನಲ್ಲಿ ಒಮ್ಮೆ ನೋಡಬೇಕೆಂಬುದೊಂದೇ ಅವರ ಆಸೆ.

ಮೈಯ ಕಾಲು, ಮಂಚದ ಕಾಲು, ನಾಲ್ಕರಲ್ಲೊಂದು ಪಾಲು, ಇವೆಲ್ಲ ಒಂದೇ ಬೇರಿನವೇ? ದನಕ್ಕೆ ನಾಲ್ಕು ಕಾಲು, ಆದ್ದರಿಂದ ಅದರಲ್ಲೊಂದು ಎಂದರೆ ಕಾಲುಭಾಗ ಎಂದು ಭಾವ ಸಾರಿದ್ದರು, ಭೂಮಿ ಗುಂಡಗಿದೆ ಎಂದು ತಾವೇ ಮೊದಲು ಕಂಡುಹಿಡಿದವರ ಗತ್ತಿನಲ್ಲಿ.

“ಎಲ್ಲ ಸರಿ ಸಾರ್, ಆದ್ರೆ ಕೋಳಿ?” ಎಂದಿದ್ದರು ಕಾವಲಿನವರು.

“ಕೋಳಿಗೇನಾಯ್ತು?”

“ಅದಕ್ಕಿರೋದೇ ಎರಡು. ಒಂದನ್ನ ಅರ್ಧ ಅನ್ನಬೇಕಿತ್ತಲ್ವಾ?”

ಕೋಳಿ ಒಂದಿಡೀ ಬೇಸಿಗೆಯನ್ನು ತಿಂದುಹಾಕಿತು. ಅಷ್ಟರಲ್ಲಿ ಕಿವಿಯವರು ಮನೆಯಿಂದ ಮುಕ್ಕಾಲಿಯೊಂದನ್ನು ಹೊತ್ತು ತಂದು ಮೇಜಿನ ಮೇಲೆ ಕೂರಿಸಿದರು. ಭಾವ ಮನೆಗೆ ಬಂದು ಅಕ್ಕನಿಗೆ ಹೇಳಿದರು: “ನನ್ನ ಪದದ ಮೇಲೆ ಅವರಿಗೆಲ್ಲ ಎಷ್ಟು ಅಕ್ಕರೆ ನೋಡೇ.”

“ಅಕ್ಕರೆಯಂತೆ,” ಎಂದಳು ಅಕ್ಕ. “ರೀ, ನೀವು ಮುಗಿಸಿದ್ರೆ ಅವರು ಕೆಲಸ ಶುರು ಮಾಡ್ಬೇಕಲ್ಲ.”

“ವಿದ್ವತ್ತು ನಿನಗೆ ತಿಳಿಯಲ್ಲ ಬಿಡು.”

ಕೊನೆಯ ವಾರ ಭಾವ ಎಲ್ಲರನ್ನೂ ಪ್ರಧಾನ ಸಂಪಾದಕರ ಕೋಣೆಗೆ ಕರೆದು, ಇನ್ನೇನಾದರೂ ಸಂದೇಹವಿದೆಯೇ ಎಂದು ಕೇಳಿದರು. ಕಾವಲಿನವರು ಸ್ವೆಟರ್ ಹೆಣೆಯುತ್ತಿದ್ದರು.

“ಹಾವಿಗೆ ಕಾಲೇ ಇಲ್ಲ ಸಾರ್,” ಎಂದರು. “ಆದ್ರೂ ನಾಲ್ಕು ತುಂಡು ಮಾಡಿದ್ರೆ ಕಾಲುಭಾಗ ಬರುತ್ತಲ್ಲ. ಅದು ಎಲ್ಲಿಂದ ಬಂತು?”

ಸೂಜಿಯಿಂದ ಕಣ್ಣನ್ನೂ ಎತ್ತಿರಲಿಲ್ಲ. ಭಾವ ಆ ಸ್ವೆಟರನ್ನು ನೋಡಿದರು. ಎರಡು ತೋಳೂ ಮುಗಿದು ಕುತ್ತಿಗೆಗೆ ಬಂದಿತ್ತು. ಕಿವಿಯವರ ಕೆನ್ನೆಯ ಮೇಲೆ ಮೇಜಿನ ಅಂಚಿನ ಗುರುತಿತ್ತು. ಅಕ್ಕನ ಮಾತು ಆಗ ಅವರ ತಲೆಗೆ ಇಳಿಯಿತು.

“ಘನವಾದ ಸಂದೇಹ,” ಎಂದರು ಪ್ರಧಾನ ಸಂಪಾದಕರು ಖುಷಿಯಿಂದ. ಸಂಪುಟ ಹೊರಬಂದರೆ ಮುನ್ನುಡಿ ಬರೆಯಬೇಕಾದವರು ಅವರು.

“ಖಂಡಿತ ಘನವಾದದ್ದೇ,” ಎಂದರು ಭಾವ. “ಆದ್ರೆ ಅದು ಹಾವಿನ ಸಂದೇಹ. ಹಾವಿನವರು ಬಗೆಹರಿಸ್ತಾರೆ.”

“ಹಾವಿನವರು ಯಾರ್ರೀ? ನಾವಿನ್ನೂ ‘ಕ’ದಲ್ಲೇ ಇದೀವಿ.”

“ಇನ್ನೂ ಹುಟ್ಟಿರಲಿಕ್ಕಿಲ್ಲ. ಕಾಯೋಣ. ಅವರ ಪದದ ವಿಷಯ ಈಗಲೇ ಎತ್ತಿದ್ರೆ ಅಕಾರಾದಿ ತಪ್ಪಲ್ವಾ?”

ಅಕಾರಾದಿಯ ಕಟ್ಟಳೆ ಮುರಿಯುವಂತಿರಲಿಲ್ಲ. ಪ್ರಧಾನ ಸಂಪಾದಕರು ಹಲ್ಲು ಕೀಳಿಸಿಕೊಳ್ಳುವವರಂತೆ ಮುಖ ಮಾಡಿ ಸಹಿ ಹಾಕಿದರು. ಭಾವ ಅಚ್ಚುಕೂಟಕ್ಕೆ ಇಳಿದು, ಯಂತ್ರದ ಪಕ್ಕ ಕಾಗದದ ಕಟ್ಟಿನ ಮೇಲೆ ಕೂತು, ಹಾಳೆ ಹೊರಬರುವವರೆಗೂ ಏಳಲಿಲ್ಲ.

ಶಾಯಿ ಆರದ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದರು. ಅಕ್ಕ ಕೈ ಒರೆಸಿಕೊಂಡು ಬಂದು ಓದಿದಳು. ನಾಲ್ಕೇ ಸಾಲು.

“ಇಷ್ಟೇನಾ?”

“ಚಿಕ್ಕ ಪದ ಕಣೇ,” ಎಂದರು ಭಾವ.