ಲಕ್ಷ್ಮಿಗೆ ಗಂಡು

ನಾನು ಕುದುರೆ ಡಾಕ್ಟರು. ದಾದರ್‌ನಲ್ಲಿ ಕಾಂದಿವಲಿಗೆ ಹೋಗುವ ಮುಂಬೈ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿ ಕೂತಿದ್ದೆ. ಅಷ್ಟರಲ್ಲಿ ಕುದುರೆ ಲಾಯದ ಬಸಪ್ಪನ ಫೋನು. ವಿಜಯಪುರದವನು, ಮೆಲ್ಲಗೆ ಮಾತಾಡಿದರೆ ಅವನಿಗೆ ಕೇಳಿಸುವುದೇ ಇಲ್ಲ. ಹಾಗಾಗಿ ಒದರಿದೆ:

"ಲಕ್ಷ್ಮಿಗೆ ಹಾರ್ಮೋನ್ ಔಷಧ ಇವತ್ತ ನಿಲ್ಲಸೋ ಬಸಪ್ಪ. ಗಂಡು ಬರೂದ್ರಾಗ ಬರೋಬ್ಬರಿ ತಯಾರಾಗ್ತಾಳ. ಸೂಜಿ ನಾನ ಬಂದು ಹಾಕ್ತೀನಿ."

ಎದುರಿಗೆ ಇಳಕಲ್ ಸೀರೆಯ ಮಾವಶಿಯೊಬ್ಬರು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಕೈ ನಿಲ್ಲಿಸಿದರು.

"ಗಂಡು ಯಾವೂರಾಂವ, ತಂಗಿ?"

"ಪುಣೆದಂವ್ರಿ."

"ಛಲೋ ಆತು ಬಿಡು. ನನ್ನ ಲಗ್ನದಾಗೂ ಗುಳಿಗಿ ನುಂಗಿಸಿದ್ರು. ತಲಿ ಮ್ಯಾಲ ಅಕ್ಕಿಕಾಳ ಬೀಳೂ ದಿನನ ಹೊರಗ ಕೂತ್ರ ಹೆಂಗ?"

"ಮಾವಶೀ, ಲಕ್ಷ್ಮಿ ಕುದುರಿ. ಗಂಡು ಕುದುರಿ ಬರೂ ಹೊತ್ತಿಗೆ ಸರಿಯಾಗಿ ಅಂಡ ಬಿಡ್ಲಿ ಅಂತ ಔಷಧ."

ಅಕ್ಕಪಕ್ಕದವರೆಲ್ಲ ಬಿದ್ದು ಬಿದ್ದು ನಕ್ಕರು. ಮಾವಶಿ ನಗಲಿಲ್ಲ.

"ಅಕಿಗೆ ಮನಸಿಲ್ಲದಾಗ ಗಂಡು ಬಂದ್ರ?"

"ಬೆದಿಗೆ ಬರದಾಗ ಗಂಡು ಹತ್ರ ಹೋದ್ರ ಒದೀತಾಳ್ರಿ. ಹಲ್ಲು ಉದುರೂ ಹಂಗ."

ಮಾವಶಿ ಮತ್ತೆ ಮೆಂತ್ಯೆ ಕೈಗೆತ್ತಿಕೊಂಡರು. "ನಮಗ ಗುಳಿಗಿ ನುಂಗೂದಷ್ಟ ಕಲಿಸಿದ್ರು ನೋಡವಾ. ಒದಿಯೂದು ಯಾರೂ ಕಲಿಸಲಿಲ್ಲ."

ಪುಣೆಯ ಗಂಡು ಬಂದ ದಿನ ಔಷಧ, ಸೂಜಿ ಎರಡೂ ಕೆಲಸ ಮಾಡಿದ್ದವು. ಲಕ್ಷ್ಮಿ ಹೊಸ ಸೊಸೆಯಂತೆ ತೆಪ್ಪಗೆ ನಿಂತಳು. ಎಲ್ಲ ಮುಗಿದ ಮೇಲೆ ಮಾತ್ರ ಹಿಂಗಾಲೆತ್ತಿ ಗಂಡಿಗೆ ಒಂದು ಜಾಡಿಸಿದಳು. ಬಸಪ್ಪ ನನ್ನ ಔಷಧವನ್ನೇ ಬೈದ. ಆ ಒದೆತ ಮಾವಶಿಯದು ಅಂತ ಅವನಿಗೆ ಹೇಗೆ ಹೇಳಲಿ?